ನಾರ್ಡಿಕ್ ನಗರಗಳಲ್ಲಿ ಹನ್ನೆರಡು ಜನರ ಲೆಕ್ಕ

ಪ್ರವಾಸದ ಬಗ್ಗೆ ಸಾಮಾನ್ಯವಾಗಿ ಹೋಗಿ ಬಂದವರೇ ಬರೆಯುತ್ತಾರೆ. ಈ ಪ್ರವಾಸಕ್ಕೆ ನಾನು ಹೋಗಿಲ್ಲ. ಹೋದವರು ನನ್ನ ದೊಡ್ಡ ಖಾಲಾ ಅವರ ಮಗಳು. ಮನೆಯಲ್ಲಿ ನಾವೆಲ್ಲ ಅವರನ್ನು ಆಪಾ ಎಂದೇ ಕರೆಯುತ್ತೇವೆ. ಸ್ವೀಡನ್ ದೇಶದ ಲುಂಡ್ ಎಂಬ ಊರಿನಲ್ಲಿ ವಿದ್ಯಾರ್ಥಿವೇತನದ ಮೇಲೆ ಎಂ.ಎಸ್ಸಿ. ಓದುತ್ತಿದ್ದಾರೆ. ಜೂನ್ ತಿಂಗಳ ಮೊದಲ ವಾರ ಅವರು ಮತ್ತು ಬೇರೆ ಬೇರೆ ದೇಶಗಳ ಹನ್ನೊಂದು ವಿದ್ಯಾರ್ಥಿನಿಯರು ಸೇರಿ ಕೋಪನ್‌ಹೇಗನ್, ಸ್ಟಾಕ್‌ಹೋಮ್ ಮತ್ತು ಹೆಲ್ಸಿಂಕಿ ನೋಡಿ ಬಂದರು. ಮನೆಯವರೆಲ್ಲ ಆಪಾ ಕಳಿಸಿದ ಫೋಟೊಗಳನ್ನು ನೋಡಿದರು. ನನಗೆ ಹೆಚ್ಚು ಹಿಡಿಸಿದ್ದು ಅವರ ತಂಡದ ಖರ್ಚಿನ ಹಾಳೆ. ವಾಣಿಜ್ಯ ವಿಭಾಗದಲ್ಲಿ ಓದುವವರಿಗೆ ಇಂಥ ಚಾಳಿ ಇರುತ್ತದೆ!

ಅರ್ಥಶಾಸ್ತ್ರದಲ್ಲಿ ನಾವು ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚ ಎಂಬ ಪಾಠ ಓದುತ್ತೇವೆ. ನಕ್ಷೆ ಬಿಡಿಸಿ ಅಂಕ ತೆಗೆದುಕೊಂಡು ಮರೆಯುತ್ತೇವೆ. ಆ ಹಾಳೆಯನ್ನು ಓದಿದಾಗ ಅದೇ ಪಾಠ ರೈಲು, ಹಡಗು, ಗ್ರಂಥಾಲಯಗಳ ರೂಪದಲ್ಲಿ ಕಂಡಿತು. ನಮ್ಮ ಕಾಲೇಜಿನ ಪ್ರವಾಸಕ್ಕೂ ಅದರಿಂದ ಕಲಿಯುವುದು ಇದೆ ಎನ್ನಿಸಿತು. ಅದಕ್ಕಾಗಿ ಈ ಲೇಖನ.

ನಾರ್ಡಿಕ್ ಎಂದರೆ ಯಾವ ದೇಶಗಳು?

ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್ ಮತ್ತು ಐಸ್‌ಲೆಂಡ್ ಈ ಐದನ್ನು ನಾರ್ಡಿಕ್ ದೇಶಗಳು ಎನ್ನುತ್ತಾರೆ. ಮೊದಲ ಮೂರಕ್ಕೆ ಸ್ಕ್ಯಾಂಡಿನೇವಿಯಾ ಎಂಬ ಹೆಸರೂ ಇದೆ. ಈ ಐದೂ ದೇಶಗಳು 2001ರ ಮಾರ್ಚ್ 25ರಿಂದ ಷೆಂಗೆನ್ ಒಪ್ಪಂದದ ಪ್ರಕಾರ ನಡೆಯುತ್ತಿವೆ. ನಾರ್ವೆ, ಐಸ್‌ಲೆಂಡ್ ಯುರೋಪಿಯನ್ ಒಕ್ಕೂಟದ ಸದಸ್ಯರಲ್ಲದಿದ್ದರೂ ಈ ಒಪ್ಪಂದದಲ್ಲಿವೆ. ಭಾರತದಿಂದ ಪ್ರವಾಸಕ್ಕೆ ಹೋಗುವವರು ಒಂದು ಷೆಂಗೆನ್ ವೀಸಾ ಪಡೆದರೆ 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಈ ಎಲ್ಲ ದೇಶಗಳಲ್ಲಿ ಸುತ್ತಬಹುದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ಕಾಗದವನ್ನೂ ತೋರಿಸಬೇಕು. ಆಪಾ ಹಾಗೆ ಅಲ್ಲಿಯೇ ವಾಸದ ಪರವಾನಗಿ ಇರುವವರಿಗೆ ಪಕ್ಕದ ದೇಶಕ್ಕೆ ಹೋಗಲು ಬೇರೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಮತ್ತು ಪರವಾನಗಿ ಕಾರ್ಡ್ ಜೊತೆಗಿದ್ದರೆ ಸಾಕು.

ಗಡಿ ದಾಟುವುದು ಸುಲಭ, ಆದರೆ ನಾಣ್ಯ ಬೇರೆ ಬೇರೆ. ಡೆನ್ಮಾರ್ಕಿನಲ್ಲಿ ಡ್ಯಾನಿಷ್ ಕ್ರೋನ, ಸ್ವೀಡನ್ನಿನಲ್ಲಿ ಸ್ವೀಡಿಷ್ ಕ್ರೋನ, ಫಿನ್ಲೆಂಡಿನಲ್ಲಿ ಯೂರೋ. 1873ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ ನಾಣ್ಯ ಒಕ್ಕೂಟ ಮಾಡಿಕೊಂಡಿದ್ದವು, 1875ರಲ್ಲಿ ನಾರ್ವೆಯೂ ಸೇರಿತು. ಮೂರೂ ಕ್ರೋನಗಳಿಗೆ ಆಗ ಒಂದೇ ಬೆಲೆ. ಮೊದಲ ಮಹಾಯುದ್ಧದ ಹೊತ್ತಿಗೆ ಆ ವ್ಯವಸ್ಥೆ ಮುರಿದುಬಿತ್ತು, ಹೆಸರು ಮಾತ್ರ ಉಳಿಯಿತು. ಯೂರೋ ಬೇಕೇ ಎಂದು ಜನರನ್ನೇ ಕೇಳಿದಾಗ ಡೆನ್ಮಾರ್ಕ್ 2000ದಲ್ಲಿ, ಸ್ವೀಡನ್ 2003ರಲ್ಲಿ ಬೇಡ ಎಂದು ಮತ ಹಾಕಿದವು. ಹೀಗಾಗಿ ಒಂದು ವಾರದ ಪ್ರವಾಸಕ್ಕೆ ಆಪಾ ಅವರ ಹಾಳೆಯಲ್ಲಿ ಮೂರು ನಾಣ್ಯಗಳ ಮೂರು ಅಂಕಣಗಳಿದ್ದವು.

ಹನ್ನೆರಡನೆಯವರು ಬಂದದ್ದು ಹೇಗೆ

ಮೊದಲು ಹೆಸರು ಕೊಟ್ಟವರು ಹನ್ನೊಂದು ಜನ. ಆಪಾ ಕೊಟ್ಟಿರಲಿಲ್ಲ. ವಿದ್ಯಾರ್ಥಿವೇತನದಲ್ಲಿ ಬಾಡಿಗೆ, ಊಟ ಕಳೆದು ಉಳಿಯುವುದು ಸ್ವಲ್ಪವೇ. ಅದರಲ್ಲೂ ಒಂದು ಭಾಗವನ್ನು ಅವರು ಮನೆಗೆ ಕಳಿಸುತ್ತಾರೆ. ತಂಡದಲ್ಲಿ ಲೆಕ್ಕ ನೋಡಿಕೊಳ್ಳುತ್ತಿದ್ದ ಘಾನಾ ದೇಶದ ವಿದ್ಯಾರ್ಥಿನಿ ಒಂದು ದಿನ ಬಂದು, "ನೀವು ಬರದಿದ್ದರೂ ನಿಮ್ಮ ಹಾಸಿಗೆಗೆ ನಾವು ದುಡ್ಡು ಕೊಡುತ್ತಿದ್ದೇವೆ" ಎಂದರಂತೆ. ಆಪಾಗೆ ಮೊದಲು ಅರ್ಥವಾಗಲಿಲ್ಲ.

ಅರ್ಥ ಇಷ್ಟೇ. ಸ್ಟಾಕ್‌ಹೋಮ್‌ನಿಂದ ಹೆಲ್ಸಿಂಕಿಗೆ ಹೋಗುವ ರಾತ್ರಿ ಹಡಗಿನಲ್ಲಿ ಇಡೀ ಕ್ಯಾಬಿನ್‌ಗೆ ಒಂದು ದರ. ಒಂದು ಕ್ಯಾಬಿನ್‌ನಲ್ಲಿ ನಾಲ್ಕು ಹಾಸಿಗೆ. ಹನ್ನೊಂದು ಜನರಿಗೂ ಮೂರು ಕ್ಯಾಬಿನ್ ಬೇಕು, ಹನ್ನೆರಡು ಜನರಿಗೂ ಮೂರೇ ಸಾಕು. ನಾಲ್ಕು ಹಾಸಿಗೆಯ ಹಾಸ್ಟೆಲ್ ಕೋಣೆಗಳ ಲೆಕ್ಕವೂ ಹೀಗೆಯೇ.

ಸುಲಭವಾಗಲೆಂದು ಒಂದು ಕ್ಯಾಬಿನ್ ದರ 1,600 ಕ್ರೋನ ಎಂದಿಟ್ಟುಕೊಳ್ಳೋಣ. ಮೂರು ಕ್ಯಾಬಿನ್‌ಗೆ 4,800. ಹನ್ನೊಂದು ಜನರಿಗೆ ಹಂಚಿದರೆ ತಲೆಗೆ ಸುಮಾರು 436. ಹನ್ನೆರಡು ಜನರಿಗೆ ಹಂಚಿದರೆ 400. ಈಗ ಹನ್ನೆರಡನೆಯವರಿಗೆ 400 ಕೊಡಲು ಆಗುವುದಿಲ್ಲ, 200 ಕೊಡಬಲ್ಲರು ಎನ್ನಿ. ಉಳಿದ 4,600 ಹನ್ನೊಂದು ಜನರಿಗೆ ಹಂಚಿಕೆಯಾಗಿ ತಲೆಗೆ ಸುಮಾರು 418 ಬರುತ್ತದೆ. ಅಂದರೆ ಅರ್ಧ ದುಡ್ಡು ಕೊಟ್ಟವರು ಬಂದದ್ದರಿಂದ ಉಳಿದವರಿಗೆ ನಷ್ಟವಾಗಲಿಲ್ಲ. ತಲೆಗೆ 18 ಕ್ರೋನ ಉಳಿಯಿತು.

ಪಾಠದಲ್ಲಿ ಇದಕ್ಕೆ ಸರಾಸರಿ ಸ್ಥಿರ ವೆಚ್ಚ ಎನ್ನುತ್ತಾರೆ. ಉತ್ಪಾದನೆ ಹೆಚ್ಚಾದಂತೆ ಅದು ಇಳಿಯುತ್ತಾ ಹೋಗುತ್ತದೆ. ಇನ್ನೊಂದು ಘಟಕ ಹೆಚ್ಚಾದಾಗ ಹೆಚ್ಚುವ ಖರ್ಚು ಸೀಮಾಂತ ವೆಚ್ಚ. ಖಾಲಿ ಹಾಸಿಗೆಯ ಸೀಮಾಂತ ವೆಚ್ಚ ಹೆಚ್ಚು ಕಡಿಮೆ ಸೊನ್ನೆ.

ಹಾಗೆಂದು ಎಲ್ಲರೂ ಸೀಮಾಂತ ವೆಚ್ಚ ಮಾತ್ರ ಕೊಡುತ್ತೇವೆ ಎಂದರೆ ಕ್ಯಾಬಿನ್ ಬುಕ್ ಆಗುವುದೇ ಇಲ್ಲ. ಸ್ಥಿರ ವೆಚ್ಚವನ್ನು ಯಾರಾದರೂ ಹೊರಲೇಬೇಕು. ಆದ್ದರಿಂದ ತಂಡದವರು ಒಂದು ಕ್ರಮ ಮಾಡಿಕೊಂಡರು. ಮೊದಲು ಪೂರ್ತಿ ಪಾಲು ಕೊಡಬಲ್ಲವರಿಂದ ಸ್ಥಿರ ವೆಚ್ಚ ಸೇರಬೇಕು. ಆಮೇಲೆ ಉಳಿದ ಖಾಲಿ ಜಾಗಕ್ಕೆ ಯಾರು ಎಷ್ಟು ಕೊಡಬಲ್ಲರೋ ಅಷ್ಟು. ಯಾರು ಎಷ್ಟು ಕೊಟ್ಟರು ಎಂಬುದು ಲೆಕ್ಕ ನೋಡುವವರಿಗೆ ಮಾತ್ರ ಗೊತ್ತಿರಬೇಕು. ಆಪಾ ಒಪ್ಪಿದರು. ಅದು ದಾನವಾಗಿದ್ದರೆ ಒಪ್ಪುತ್ತಿರಲಿಲ್ಲ, ಲೆಕ್ಕವಾಗಿದ್ದರಿಂದ ಒಪ್ಪಿದೆ ಎಂದು ನನಗೆ ಹೇಳಿದರು.

ಹಾಳೆಯಲ್ಲಿ ಖರ್ಚುಗಳನ್ನು ಎರಡು ಗುಂಪು ಮಾಡಿದ್ದರು. ಹಾಸಿಗೆ, ರೈಲು, ಹಡಗು, ನಗರದ ಬಸ್ಸು, ಒಟ್ಟಿಗೆ ಬೇಯಿಸುವ ಊಟ ಇವು ಎಲ್ಲರದು. ಟಿಕೆಟ್ ಇರುವ ಜಾಗಗಳು, ಕಾಫಿ, ನೆನಪಿನ ವಸ್ತುಗಳು ಅವರವರ ಇಷ್ಟ. ಜೊತೆಗೆ ಒಂದು ಮುಖ್ಯ ನಿಯಮ: ಕೆಲವರು ಟಿಕೆಟ್ ಕೊಂಡು ಒಳಗೆ ಹೋದಾಗ ಉಳಿದವರು ಬಾಗಿಲಲ್ಲಿ ಕಾಯುತ್ತಾ ನಿಲ್ಲಬಾರದು. ಅದೇ ಹೊತ್ತಿಗೆ ಹತ್ತಿರದಲ್ಲಿ ಟಿಕೆಟ್ ಇಲ್ಲದೆ ನೋಡುವ ಜಾಗ ಇರುವಂತೆ ದಿನದ ಯೋಜನೆ ಹಾಕಬೇಕು. ಈ ನಿಯಮ ಪಾಲಿಸಲು ನಾರ್ಡಿಕ್ ನಗರಗಳು ತುಂಬಾ ಅನುಕೂಲ. ಅದು ಏಕೆ ಎಂಬುದನ್ನು ಊರಿನಿಂದ ಊರಿಗೆ ನೋಡೋಣ.

ಕೋಪನ್‌ಹೇಗನ್: ಸೇತುವೆ ಮತ್ತು ಸಂಗ್ರಹಾಲಯ

ಡೆನ್ಮಾರ್ಕ್ ರಾಜಧಾನಿ ಕೋಪನ್‌ಹೇಗನ್ ಲುಂಡ್‌ಗೆ ಹತ್ತಿರ. ಬೆಳಿಗ್ಗೆ ಹೋಗಿ ರಾತ್ರಿ ಹಿಂತಿರುಗಬಹುದು, ಹಾಸ್ಟೆಲ್ ಬೇಕಿಲ್ಲ. ನಡುವೆ ಸಮುದ್ರ ಇದೆ. 2000ದ ಜುಲೈ 1ರಂದು ಸಂಚಾರಕ್ಕೆ ತೆರೆದ ಓರೆಸುಂಡ್ ಮಾರ್ಗದಲ್ಲಿ ಸುಮಾರು 8 ಕಿ.ಮೀ. ಸೇತುವೆ, 4 ಕಿ.ಮೀ. ಕೃತಕ ದ್ವೀಪ, 4 ಕಿ.ಮೀ. ಸಮುದ್ರದಡಿಯ ಸುರಂಗ ಒಂದರ ಹಿಂದೆ ಒಂದು ಬರುತ್ತವೆ. ಕೋಪನ್‌ಹೇಗನ್ ವಿಮಾನ ನಿಲ್ದಾಣ ದಡದಲ್ಲೇ ಇರುವುದರಿಂದ ಅಲ್ಲಿ ಎತ್ತರದ ಕಂಬಗಳು ಬೇಡವೆಂದು, ಹಡಗುಗಳ ದಾರಿಗೂ ಅಡ್ಡಿಯಾಗಬಾರದೆಂದು ಸುರಂಗ ಮಾಡಿದರು. ಕೆಳಗೆ ರೈಲು, ಮೇಲೆ ಕಾರು. ಇದನ್ನು ಕಟ್ಟಲು ಎರಡು ದೇಶಗಳ ಸರ್ಕಾರಗಳ ಖಾತರಿಯ ಮೇಲೆ ಸಾಲ ತೆಗೆದರು. ಆ ಸಾಲವನ್ನು ವಾಹನಗಳ ಟೋಲ್ ಮತ್ತು ರೈಲುಗಳಿಂದ ಬರುವ ಶುಲ್ಕದಿಂದ ತೀರಿಸುತ್ತಿದ್ದಾರೆ. ಇಲ್ಲಿ ಸ್ಥಿರ ವೆಚ್ಚ ಹೊರುವವರು ಬಳಸುವವರೇ.

ನಗರದಲ್ಲಿ ಎಲ್ಲರೂ ನೋಡುವುದು ಮತ್ಸ್ಯಕನ್ಯೆಯ ಪ್ರತಿಮೆ. ಎತ್ತರ ಒಂದೂಕಾಲು ಮೀಟರ್ ಅಷ್ಟೇ. ಎಡ್ವರ್ಡ್ ಎರಿಕ್ಸನ್ ಎಂಬ ಶಿಲ್ಪಿ ಮಾಡಿದ್ದು, 1913ರಲ್ಲಿ ಅನಾವರಣವಾಯಿತು. ಕಾರ್ಲ್ ಯಾಕೊಬ್ಸನ್ ಎಂಬ ಶ್ರೀಮಂತ ಉದ್ಯಮಿ ಅದನ್ನು ನಗರಕ್ಕೆ ಉಡುಗೊರೆಯಾಗಿ ಕೊಟ್ಟರು. ದಡದ ಬಂಡೆಯ ಮೇಲೆ ಇರುವುದರಿಂದ ನೋಡಲು ಟಿಕೆಟ್ ಇಲ್ಲ. ಬಣ್ಣ ಬಣ್ಣದ ಹಳೆ ಮನೆಗಳಿರುವ ನ್ಯೂಹವ್ನ್ ಕಾಲುವೆ ದಂಡೆಗೂ ಟಿಕೆಟ್ ಇಲ್ಲ. 1642ರಲ್ಲಿ ಮುಗಿದ ದುಂಡು ಗೋಪುರಕ್ಕೆ ಮಾತ್ರ ಇದೆ. ಅದರೊಳಗೆ ಮೆಟ್ಟಿಲಿನ ಬದಲು ಸುತ್ತು ಸುತ್ತಾಗಿ ಮೇಲೇರುವ ಇಳಿಜಾರು ದಾರಿ.

ನಮಗೆ ಹೆಚ್ಚು ಆಸಕ್ತಿ ಹುಟ್ಟಿಸುವ ಜಾಗ ಡೇವಿಡ್ ಸಂಗ್ರಹಾಲಯ. ಕ್ರಿಶ್ಚಿಯನ್ ಲುಡ್ವಿಗ್ ಡೇವಿಡ್ ಎಂಬ ವಕೀಲರು (1878–1960) ಸಂಗ್ರಹಿಸಲು ಆರಂಭಿಸಿದ ಕಲಾವಸ್ತುಗಳು ಅಲ್ಲಿವೆ. ಇಸ್ಲಾಮಿಕ್ ಕಲೆಯ ವಿಭಾಗ ಯುರೋಪಿನಲ್ಲೇ ಹೆಸರುವಾಸಿ. ಕುರ್‌ಆನ್ ಹಸ್ತಪ್ರತಿಗಳು, ಇರಾನಿನ ಕುಂಭಕಲೆ, ತುರ್ಕಿಯ ಹೆಂಚುಗಳು, ನಮ್ಮ ದೇಶದ ಮೊಘಲ್ ಕಾಲದ ಚಿತ್ರಗಳು ಎಲ್ಲವೂ ಒಂದೇ ಕಟ್ಟಡದಲ್ಲಿ. ಪ್ರವೇಶ ಉಚಿತ. ಡೇವಿಡ್ ತಮ್ಮ ಆಸ್ತಿಯನ್ನು ಒಂದು ಪ್ರತಿಷ್ಠಾನಕ್ಕೆ ಬಿಟ್ಟು ಹೋದರು, ಅದು ಸಂಗ್ರಹಾಲಯವನ್ನು ನಡೆಸುತ್ತದೆ. ಇದನ್ನು ಕೇಳಿದಾಗ ನನಗೆ ವಕ್ಫ್ ನೆನಪಾಯಿತು. ಕಾನೂನು ಬೇರೆ, ಧರ್ಮ ಬೇರೆ. ಆದರೆ ಮೂಲ ಆಸ್ತಿಯನ್ನು ಮುಟ್ಟದೆ ಅದರ ಆದಾಯವನ್ನು ಜನರಿಗೆ ಉಪಯೋಗಿಸುವುದು ಎಂಬ ವಿಷಯ ನಮಗೆ ಹೊಸದಲ್ಲ. ಇಲ್ಲಿ ಸ್ಥಿರ ವೆಚ್ಚವನ್ನು ತೀರಿಹೋದ ಒಬ್ಬರು ಹೊತ್ತಿದ್ದಾರೆ. ಕಟ್ಟಡ ಇದೆ, ದೀಪ ಉರಿಯುತ್ತಿದೆ, ಕಾವಲುಗಾರರು ಇದ್ದಾರೆ. ಇನ್ನು ಹನ್ನೆರಡು ಹುಡುಗಿಯರು ಒಳಗೆ ಬಂದರೆ ಖರ್ಚು ಹೆಚ್ಚುವುದಿಲ್ಲ.

ಸ್ಟಾಕ್‌ಹೋಮ್: ನೋಟು ಹುಟ್ಟಿದ ಊರಿನಲ್ಲಿ ನೋಟು ಬೇಡ

ಲುಂಡ್‌ನಿಂದ ಸ್ಟಾಕ್‌ಹೋಮ್‌ಗೆ ರೈಲಿನಲ್ಲಿ ನಾಲ್ಕು ಗಂಟೆಗೂ ಸ್ವಲ್ಪ ಹೆಚ್ಚು. ರೈಲು ಟಿಕೆಟ್ ತಲೆಗೊಂದು, ಆದ್ದರಿಂದ ಅದು ಬದಲಾಗುವ ವೆಚ್ಚ.

ವಾಣಿಜ್ಯ ವಿದ್ಯಾರ್ಥಿಗಳು ತಿಳಿಯಬೇಕಾದ ಇತಿಹಾಸ ಈ ಊರಿನಲ್ಲಿದೆ. 17ನೇ ಶತಮಾನದಲ್ಲಿ ಸ್ವೀಡನ್ನಿನಲ್ಲಿ ತಾಮ್ರದ ಹಲಗೆಗಳೇ ಹಣ. ಹತ್ತು ದಾಲರ್ ಬೆಲೆಯ ಒಂದು ಹಲಗೆ ಸುಮಾರು 20 ಕಿಲೋ ತೂಗುತ್ತಿತ್ತು! ಸಂತೆಗೆ ಹೊತ್ತುಕೊಂಡು ಹೋಗುವುದು ಕಷ್ಟ. 1661ರಲ್ಲಿ ಯೋಹಾನ್ ಪಾಲ್ಮ್‌ಸ್ಟ್ರುಕ್ ನಡೆಸುತ್ತಿದ್ದ ಬ್ಯಾಂಕ್ ಯುರೋಪಿನ ಮೊದಲ ಕಾಗದದ ನೋಟುಗಳನ್ನು ಹೊರಡಿಸಿತು. ಕೈಯಲ್ಲಿದ್ದ ಲೋಹಕ್ಕಿಂತ ಹೆಚ್ಚು ನೋಟು ಮುದ್ರಿಸಿದ್ದರಿಂದ ಕೆಲವೇ ವರ್ಷಗಳಲ್ಲಿ ಆ ಬ್ಯಾಂಕ್ ಕುಸಿಯಿತು. ಅದಾದ ಮೇಲೆ 1668ರಲ್ಲಿ ಸ್ಥಾಪನೆಯಾದದ್ದು ರಿಕ್ಸ್‌ಬ್ಯಾಂಕ್. ಇಂದಿಗೂ ನಡೆಯುತ್ತಿರುವ ಕೇಂದ್ರ ಬ್ಯಾಂಕುಗಳಲ್ಲಿ ಇದೇ ಅತ್ಯಂತ ಹಳೆಯದು. ತನ್ನ 300ನೇ ವರ್ಷಕ್ಕೆ, 1968ರಲ್ಲಿ, ಈ ಬ್ಯಾಂಕ್ ನೊಬೆಲ್ ನೆನಪಿನಲ್ಲಿ ಅರ್ಥಶಾಸ್ತ್ರದ ಪ್ರಶಸ್ತಿಯನ್ನು ಆರಂಭಿಸಿತು. 1998ರಲ್ಲಿ ಅಮರ್ತ್ಯ ಸೇನ್ ಪಡೆದದ್ದು ಇದೇ ಪ್ರಶಸ್ತಿ.

ಇಷ್ಟೆಲ್ಲ ಚರಿತ್ರೆ ಇರುವ ಊರಿನಲ್ಲಿ ಈಗ ನೋಟು ತೆಗೆದುಕೊಳ್ಳದ ಅಂಗಡಿಗಳು ಎಷ್ಟೋ. ಬಾಗಿಲಲ್ಲೇ ನಗದು ಬೇಡ ಎಂದು ಬರೆದಿರುತ್ತಾರೆ. ಕಾರ್ಡ್ ಅಥವಾ 2012ರಲ್ಲಿ ಆರಂಭವಾದ ಸ್ವಿಷ್ ಎಂಬ ಮೊಬೈಲ್ ಪಾವತಿ ಸಾಕು. ನಮ್ಮ ಯುಪಿಐ ಬಂದದ್ದು 2016ರಲ್ಲಿ. ಒಂದು ವ್ಯತ್ಯಾಸ ಆಪಾ ಹೇಳಿದರು. ನಮ್ಮಲ್ಲಿ ಸೊಪ್ಪು ಮಾರುವವರ ಬಳಿ ಕ್ಯೂಆರ್ ಕೋಡ್ ಇದ್ದರೂ ಹತ್ತು ರೂಪಾಯಿ ನೋಟನ್ನು ಬೇಡ ಎನ್ನುವುದಿಲ್ಲ. ಅಲ್ಲಿ ಸ್ವಿಷ್ ಬಳಸಲು ಆ ದೇಶದ ಬ್ಯಾಂಕ್ ಖಾತೆ ಬೇಕು, ಹೊರಗಿನಿಂದ ಬಂದವರು ಕಾರ್ಡ್ ತರದಿದ್ದರೆ ಕಷ್ಟಪಡುತ್ತಾರೆ.

ಸ್ಟಾಕ್‌ಹೋಮ್‌ನಲ್ಲಿ ತಂಡದವರು ಹೆಚ್ಚು ಹೊತ್ತು ಕಳೆದದ್ದು ಮೆಟ್ರೋ ನಿಲ್ದಾಣಗಳಲ್ಲಿ. ಒಟ್ಟು 100 ನಿಲ್ದಾಣಗಳಲ್ಲಿ 90ಕ್ಕೂ ಹೆಚ್ಚು ಕಡೆ ಚಿತ್ರ, ಶಿಲ್ಪಗಳಿವೆ. ಕೆಲವು ಕಡೆ ಬಂಡೆಯನ್ನು ಕೊರೆದ ಗುಹೆ ಹಾಗೆಯೇ ಕಾಣುತ್ತದೆ. ಮುಖ್ಯ ನಿಲ್ದಾಣದ ಗೋಡೆ, ಛಾವಣಿಗಳ ಮೇಲೆ ನೀಲಿ ಬಳ್ಳಿಗಳ ಚಿತ್ರ. ಸೋಲ್ನಾ ಸೆಂಟ್ರುಮ್ ಎಂಬಲ್ಲಿ ಕೆಂಪು ಆಕಾಶದ ಕೆಳಗೆ ಹಸಿರು ಕಾಡು. ಒಂದು ಟಿಕೆಟ್ 75 ನಿಮಿಷ ನಡೆಯುತ್ತದೆ. ಆ ಹೊತ್ತಿನಲ್ಲಿ ಇಳಿದು, ನೋಡಿ, ಮುಂದಿನ ರೈಲು ಹತ್ತಬಹುದು. ಬಸ್ ಚಾರ್ಜಿನಲ್ಲಿ ಚಿತ್ರ ಪ್ರದರ್ಶನ ಎಂದಂತೆ.

ಟಿಕೆಟ್ ಕೊಳ್ಳುವ ಪ್ರಶ್ನೆ ಬಂದದ್ದು ವಾಸಾ ಸಂಗ್ರಹಾಲಯದಲ್ಲಿ. ವಾಸಾ ಒಂದು ಯುದ್ಧನೌಕೆ. 1628ರ ಆಗಸ್ಟ್ 10ರಂದು ಮೊದಲ ಪ್ರಯಾಣ ಹೊರಟು, ಬಂದರಿನಿಂದ ಒಂದೂವರೆ ಕಿ.ಮೀ. ಸಹ ದಾಟದೆ ಮುಳುಗಿತು. ತೋಪುಗಳ ಎರಡು ಅಂತಸ್ತು ಇದ್ದದ್ದರಿಂದ ಮೇಲುಭಾರ ಹೆಚ್ಚು, ತಳದ ಭಾರ ಸಾಲದು. ಗಾಳಿಗೆ ವಾಲಿದಾಗ ತೆರೆದಿದ್ದ ತೋಪಿನ ಕಿಂಡಿಗಳಿಂದ ನೀರು ನುಗ್ಗಿತು. ಅದಕ್ಕೆ ಮೊದಲೇ ಮೂವತ್ತು ಜನರನ್ನು ಹಡಗಿನ ಮೇಲೆ ಅತ್ತಿಂದಿತ್ತ ಓಡಿಸಿ ಪರೀಕ್ಷೆ ಮಾಡಿದಾಗ ಅದು ಅಪಾಯಕಾರಿಯಾಗಿ ವಾಲಾಡಿತ್ತು. ಪರೀಕ್ಷೆ ನಿಲ್ಲಿಸಿದರೇ ಹೊರತು ಪ್ರಯಾಣ ನಿಲ್ಲಿಸಲಿಲ್ಲ. 333 ವರ್ಷಗಳ ಮೇಲೆ, 1961ರಲ್ಲಿ, ಅದನ್ನು ಮೇಲೆತ್ತಿದರು. ಈಗ ಇಡೀ ಹಡಗನ್ನು ಒಂದು ಕಟ್ಟಡದೊಳಗೆ ನೋಡಬಹುದು. 18 ವರ್ಷದವರೆಗಿನವರಿಗೆ ಉಚಿತ, ದೊಡ್ಡವರಿಗೆ ಟಿಕೆಟ್. ತಂಡದ ಏಳು ಜನ ಒಳಗೆ ಹೋದರು. ಉಳಿದ ಐವರು, ಅವರಲ್ಲಿ ಆಪಾ ಒಬ್ಬರು, ಅದೇ ದ್ವೀಪದಲ್ಲಿರುವ ಯೂರ್‌ಗಾರ್ಡನ್ ಉದ್ಯಾನದಲ್ಲಿ ನೀರಿನ ದಂಡೆಗುಂಟ ನಡೆದರು. ರಾಜಮನೆತನದ ಬೇಟೆಯ ಕಾಡಾಗಿದ್ದ ಆ ಜಾಗ ಈಗ ಎಲ್ಲರಿಗೂ ತೆರೆದಿದೆ. ಎರಡು ಗಂಟೆ ಬಿಟ್ಟು ಎಲ್ಲರೂ ಸೇರಿದಾಗ ಎರಡೂ ಕಡೆಯವರಿಗೆ ಹೇಳಲು ಏನಾದರೂ ಇತ್ತು. ನಿಯಮ ಮಾಡಿದ್ದು ಇದಕ್ಕಾಗಿಯೇ.

ನಮಾಜ್ ಮತ್ತು ಊಟದ ಬಗ್ಗೆ ಅಮ್ಮಿ ಕೇಳಿದ ಪ್ರಶ್ನೆಗಳಿಗೂ ಉತ್ತರ ಬರೆದುಕೊಂಡೆ. ಸ್ಟಾಕ್‌ಹೋಮ್‌ನ ದೊಡ್ಡ ಮಸೀದಿ 2000ದಲ್ಲಿ ತೆರೆಯಿತು. 20ನೇ ಶತಮಾನದ ಆರಂಭದಲ್ಲಿ ವಿದ್ಯುತ್ ಕೇಂದ್ರಕ್ಕೆಂದು ಕಟ್ಟಿದ ಕಟ್ಟಡ ಅದು. ಜೂನ್‌ನಲ್ಲಿ ಅಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಹತ್ತು ಗಂಟೆ. ಮಗ್ರಿಬ್ ಆದ ಮೇಲೂ ಪೂರ್ತಿ ಕತ್ತಲಾಗುವುದಿಲ್ಲ, ಆದ್ದರಿಂದ ಇಶಾ ಮತ್ತು ಫಜ್ರ್ ಸಮಯಕ್ಕೆ ಅಲ್ಲಿನ ಮಸೀದಿಗಳು ಉಲಮಾಗಳ ಸಲಹೆಯಂತೆ ವೇಳಾಪಟ್ಟಿ ಕೊಡುತ್ತವೆ. ಊಟಕ್ಕೆ ಹಾಸ್ಟೆಲ್ ಅಡುಗೆಮನೆಯಲ್ಲಿ ಬೇಳೆ, ಅನ್ನ, ಮೊಟ್ಟೆ, ಮೀನು. ಪೊಟ್ಟಣದ ತಿಂಡಿ ಕೊಳ್ಳುವಾಗ ಲೇಬಲ್ ಓದಲು ಆಪಾ ಮೂರು ಪದ ಕಲಿತಿದ್ದರು. ಹಂದಿಮಾಂಸಕ್ಕೆ ಸ್ವೀಡಿಷ್‌ನಲ್ಲಿ ಫ್ಲೆಸ್ಕ್, ಡ್ಯಾನಿಷ್‌ನಲ್ಲಿ ಸ್ವಿನೆಕೋಡ್, ಫಿನ್ನಿಷ್‌ನಲ್ಲಿ ಸಿಯನ್‌ಲಿಹಾ. ನೀರಿಗೆ ಖರ್ಚಿಲ್ಲ, ಮೂರೂ ಊರುಗಳಲ್ಲಿ ನಲ್ಲಿ ನೀರನ್ನೇ ಕುಡಿಯುತ್ತಾರೆ.

ನಡುರಾತ್ರಿ ನಿಲ್ಲುವ ಹಡಗು

ಸ್ಟಾಕ್‌ಹೋಮ್‌ನಿಂದ ಸಂಜೆ ಹೊರಡುವ ಹಡಗು ಮರುದಿನ ಬೆಳಿಗ್ಗೆ ಹೆಲ್ಸಿಂಕಿ ತಲುಪುತ್ತದೆ. ಮೊದಲ ಕೆಲವು ಗಂಟೆ ಸಾವಿರಾರು ಸಣ್ಣ ದ್ವೀಪಗಳ ನಡುವೆ ದಾರಿ. ಡೆಕ್ ಮೇಲೆ ನಿಂತು ನೋಡಲು ಬೇರೆ ಟಿಕೆಟ್ ಇಲ್ಲ. ರಾತ್ರಿಯ ಹಾಸಿಗೆ, ಪ್ರಯಾಣ, ನೋಟ ಮೂರೂ ಒಂದೇ ದರದಲ್ಲಿ ಸಿಗುವುದರಿಂದ ವಿದ್ಯಾರ್ಥಿಗಳು ಇದನ್ನು ಹೆಚ್ಚು ಇಷ್ಟಪಡುತ್ತಾರೆ.

ಈ ಹಡಗು ನಡುರಾತ್ರಿ ಸ್ವಲ್ಪ ಹೊತ್ತು ಮಾರಿಯೆಹಾಮ್ ಎಂಬ ಬಂದರಿನಲ್ಲಿ ನಿಲ್ಲುತ್ತದೆ. ಹತ್ತುವವರು, ಇಳಿಯುವವರು ಕಡಿಮೆ. ಮತ್ತೆ ಏಕೆ ನಿಲ್ಲಬೇಕು? ಕಾರಣ ತೆರಿಗೆ. ಯುರೋಪಿಯನ್ ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಸುಂಕರಹಿತ ಮಾರಾಟ 1999ರಲ್ಲಿ ನಿಂತಿತು. ಆದರೆ ಮಾರಿಯೆಹಾಮ್ ಇರುವುದು ಓಲಂಡ್ ದ್ವೀಪಗಳಲ್ಲಿ. ಓಲಂಡ್ ಫಿನ್ಲೆಂಡಿಗೆ ಸೇರಿದ್ದು, ಅಲ್ಲಿನ ಭಾಷೆ ಸ್ವೀಡಿಷ್, ಆಡಳಿತ ಸ್ವಾಯತ್ತ. 1995ರಲ್ಲಿ ಫಿನ್ಲೆಂಡ್ ಒಕ್ಕೂಟ ಸೇರಿದಾಗ ಓಲಂಡ್ ಒಕ್ಕೂಟದ ತೆರಿಗೆ ವಲಯದಿಂದ ಹೊರಗೆ ಉಳಿಯಿತು. ಅಲ್ಲಿ ಒಮ್ಮೆ ನಿಂತು ಹೋದ ಹಡಗಿನ ಅಂಗಡಿಯಲ್ಲಿ ತೆರಿಗೆ ಇಲ್ಲದೆ ಮಾರಬಹುದು. ಪ್ರಯಾಣಿಕರು ಅಂಗಡಿ ಮತ್ತು ಊಟದ ಸಾಲೆಯಲ್ಲಿ ಖರ್ಚು ಮಾಡುತ್ತಾರೆ ಎಂಬ ನಿರೀಕ್ಷೆಯಿಂದ ಕಂಪನಿಗಳು ಕ್ಯಾಬಿನ್ ದರವನ್ನು ಕಡಿಮೆ ಇಡಲು ಸಾಧ್ಯವಾಗುತ್ತದೆ. ಇಲ್ಲಿ ಸ್ಥಿರ ವೆಚ್ಚದ ಒಂದು ಪಾಲು ಹೊರುವವರು ಅಂಗಡಿಗೆ ಹೋಗುವವರು. ಆಪಾ ಅವರ ತಂಡ ಕ್ಯಾಬಿನ್‌ನಲ್ಲಿ ಮನೆಯ ಬುತ್ತಿ ಬಿಚ್ಚಿ, ಅಂಗಡಿಯಲ್ಲಿ ಎರಡು ಚಾಕಲೇಟ್ ಪೊಟ್ಟಣ ಮಾತ್ರ ಕೊಂಡಿತು. ಕಂಪನಿಗೆ ಇವರಿಂದ ದೊಡ್ಡ ಲಾಭವೇನೂ ಆಗಿರಲಾರದು.

ಹೆಲ್ಸಿಂಕಿ: ಗ್ರಂಥಾಲಯದ ಹೆಸರು ಓದಿ

ಫಿನ್ಲೆಂಡ್ ಸ್ವೀಡನ್‌ಗಿಂತ ಒಂದು ಗಂಟೆ ಮುಂದೆ. ಹೆಲ್ಸಿಂಕಿ ತಲುಪಿದವರು ಮೊದಲು ಗಡಿಯಾರ ತಿರುಗಿಸಿದರು, ಆಮೇಲೆ ಕ್ರೋನದಿಂದ ಯೂರೋಗೆ ಬದಲಾದರು.

ಬಂದರಿನ ಎದುರಿಗೆ ಸುಓಮೆನ್‌ಲಿನ್ನ ಕೋಟೆ ಇದೆ. ಫಿನ್ಲೆಂಡ್ ಸ್ವೀಡನ್ ಆಳ್ವಿಕೆಯಲ್ಲಿದ್ದಾಗ, 1748ರಲ್ಲಿ, ದ್ವೀಪಗಳ ಮೇಲೆ ಕಟ್ಟಲು ಶುರುಮಾಡಿದ್ದು. 1991ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ದೋಣಿಯಲ್ಲಿ ಸುಮಾರು ಕಾಲು ಗಂಟೆ. ನಗರದ ಬಸ್ಸು, ಟ್ರಾಮ್ ಟಿಕೆಟ್ಟೇ ಆ ದೋಣಿಗೂ ಆಗುತ್ತದೆ. ಕೋಟೆಯೊಳಗೆ ಜನ ವಾಸ ಮಾಡುವುದರಿಂದ ಆ ದೋಣಿ ಪ್ರವಾಸಿಗಳಿಗಾಗಿ ಮಾತ್ರ ಇರುವುದಲ್ಲ, ಊರಿನ ಸಾರಿಗೆಯೇ.

ಆಮೇಲೆ ಹೋದದ್ದು ಸಂಸತ್ ಭವನದ ಎದುರಿನ ಕೇಂದ್ರ ಗ್ರಂಥಾಲಯಕ್ಕೆ. ಅದರ ಹೆಸರು ಓದಿ! ಫಿನ್ನಿಷ್ ಭಾಷೆಯಲ್ಲಿ ಅದರ ಅರ್ಥ ಸ್ತುತಿಗೀತೆ. ಕನ್ನಡದವರಿಗೆ ಬೇರೆ ಅರ್ಥವೇ ಬೇಕಿಲ್ಲ. 2018ರ ಡಿಸೆಂಬರ್ 5ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಇದನ್ನು ತೆರೆದರು. ಕಟ್ಟಲು ಸುಮಾರು 9.8 ಕೋಟಿ ಯೂರೋ ಆಯಿತು. ಮೇಲಿನ ಅಂತಸ್ತಿನಲ್ಲಿ ಪುಸ್ತಕಗಳು, ನಡುವಿನ ಅಂತಸ್ತಿನಲ್ಲಿ ಹೊಲಿಗೆ ಯಂತ್ರಗಳು, ತ್ರೀಡಿ ಮುದ್ರಣ ಯಂತ್ರಗಳು, ಸಂಗೀತದ ಕೋಣೆಗಳು. ಆಪಾ ಹರಿದಿದ್ದ ತಮ್ಮ ಬ್ಯಾಗಿನ ಪಟ್ಟಿಯನ್ನು ಅಲ್ಲಿನ ಯಂತ್ರದಲ್ಲಿ ಹೊಲಿದುಕೊಂಡರು. ಯಾರೂ ದುಡ್ಡು ಕೇಳಲಿಲ್ಲ, ಯಾವ ದೇಶದವರು ಎಂದೂ ಕೇಳಲಿಲ್ಲ. ಸಾರ್ವಜನಿಕ ಗ್ರಂಥಾಲಯದಲ್ಲಿ ಓದುವುದು, ಪುಸ್ತಕ ಎರವಲು ಪಡೆಯುವುದು ಉಚಿತವಾಗಿರಬೇಕು ಎಂದು ಫಿನ್ಲೆಂಡಿನ ಕಾನೂನೇ ಹೇಳುತ್ತದೆ.

ಹೆಲ್ಸಿಂಕಿಯಲ್ಲಿ ಮುಸ್ಲಿಮರ ಚರಿತ್ರೆಯೂ ವ್ಯಾಪಾರದಿಂದಲೇ ಶುರು. 19ನೇ ಶತಮಾನದ ಕೊನೆಯಿಂದ ರಷ್ಯಾದ ವೋಲ್ಗಾ ನದಿಯ ಕಡೆಯ ತಾತಾರ್ ಮುಸ್ಲಿಮರು ಬಟ್ಟೆ ಮತ್ತು ತುಪ್ಪಳದ ವ್ಯಾಪಾರಕ್ಕೆ ಬಂದು ನೆಲೆಸಿದರು. 1925ರಲ್ಲಿ ಅವರ ಜಮಾತ್ ಅಧಿಕೃತವಾಗಿ ನೋಂದಣಿಯಾಯಿತು. ನೂರು ವರ್ಷಗಳಿಂದ ಆ ಸಣ್ಣ ಸಮುದಾಯ ತನ್ನ ಭಾಷೆಯನ್ನೂ ದೀನನ್ನೂ ಉಳಿಸಿಕೊಂಡು, ಫಿನ್ನಿಷ್ ಭಾಷೆಯಲ್ಲಿ ಓದಿ ಬರೆದು ಬಾಳುತ್ತಿದೆ. ಮನೆಯಲ್ಲಿ ಉರ್ದು ಮಾತಾಡಿ ಈ ಲೇಖನವನ್ನು ಕನ್ನಡದಲ್ಲಿ ಬರೆಯುತ್ತಿರುವ ನನಗೆ ಅದು ದೂರದ ಸಂಗತಿ ಎನ್ನಿಸಲಿಲ್ಲ.

ಹಾಳೆಯಲ್ಲಿ ಹೆಲ್ಸಿಂಕಿಯ ಅಂಕಣದಲ್ಲಿ ಒಂದು ಸಣ್ಣ ಆದಾಯವೂ ಇತ್ತು. ಅಲ್ಲಿ ಪಾನೀಯ ಕೊಂಡಾಗ ಡಬ್ಬಿ ಅಥವಾ ಬಾಟಲಿಗೆ ಠೇವಣಿ ಹಿಡಿಯುತ್ತಾರೆ. ಅಲ್ಯೂಮಿನಿಯಂ ಡಬ್ಬಿಗೆ 15 ಸೆಂಟ್, ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ 20 ಸೆಂಟ್. ಖಾಲಿಯಾದ ಮೇಲೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಹಣ ವಾಪಸ್. ಡೆನ್ಮಾರ್ಕ್, ಸ್ವೀಡನ್‌ಗಳಲ್ಲೂ ಇದೇ ಪದ್ಧತಿ. ತಂಡದವರು ಆ ಹಣವನ್ನೆಲ್ಲ ಒಟ್ಟು ನಿಧಿಗೆ ಹಾಕಿದರು. ಬೀದಿಯಲ್ಲಿ ಬಾಟಲಿ ಏಕೆ ಕಾಣುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಶಿಸ್ತು ಮಾತ್ರ ಅಲ್ಲ, ಲೆಕ್ಕವೂ ಹೌದು.

ಉಚಿತ ಎಂದರೆ ಯಾರೂ ಕೊಟ್ಟಿಲ್ಲ ಎಂದಲ್ಲ

ನಾನು ಇದನ್ನೆಲ್ಲ ಹೇಳಿದಾಗ ಅಬ್ಬಾ ಒಂದೇ ಪ್ರಶ್ನೆ ಕೇಳಿದರು: "ಯಂತ್ರ, ದೀಪ, ಸಂಬಳ ಇದಕ್ಕೆಲ್ಲ ದುಡ್ಡು ಎಲ್ಲಿಂದ?" ಅಂಗಡಿ ನಡೆಸುವವರು ಹಾಗೆಯೇ ಕೇಳುತ್ತಾರೆ.

ದುಡ್ಡು ತೆರಿಗೆಯಿಂದ. ಮೌಲ್ಯವರ್ಧಿತ ತೆರಿಗೆ ಡೆನ್ಮಾರ್ಕ್ ಮತ್ತು ಸ್ವೀಡನ್‌ನಲ್ಲಿ 25 ಶೇಕಡ. ಫಿನ್ಲೆಂಡ್‌ನಲ್ಲಿ 2024ರ ಸೆಪ್ಟೆಂಬರ್‌ನಿಂದ 25.5 ಶೇಕಡ. ಡೆನ್ಮಾರ್ಕ್‌ನಲ್ಲಿ ಊಟದ ಸಾಮಾನಿಗೂ ಅದೇ ದರ. ಆದಾಯ ತೆರಿಗೆ ಬೇರೆ. ಬೆಲೆಚೀಟಿಯಲ್ಲಿ ಮೌಲ್ಯವರ್ಧಿತ ತೆರಿಗೆ ಮೊದಲೇ ಸೇರಿರುವುದರಿಂದ ಒಂದು ಲೋಟ ಕಾಫಿ ನಮಗೆ ದುಬಾರಿ ಎನ್ನಿಸುತ್ತದೆ. ಅಂದರೆ ಕೊಳ್ಳುವುದು ದುಬಾರಿ, ನೋಡುವುದು ಅಗ್ಗ. ಒಂದೇ ಊರಿನ ಎರಡು ಮುಖಗಳಿವು. ಕಾಫಿಯಲ್ಲಿ ಕೊಟ್ಟದ್ದರ ಒಂದು ಚೂರು ಗ್ರಂಥಾಲಯದ ಬಾಗಿಲಲ್ಲಿ ಸಿಗುತ್ತದೆ.

ಆದರೆ ಎಲ್ಲವೂ ಎಲ್ಲರಿಗೂ ಉಚಿತ ಎಂದು ತಿಳಿಯಬಾರದು. ಸ್ವೀಡನ್ನಿನವರಿಗೆ ವಿಶ್ವವಿದ್ಯಾಲಯದ ಶಿಕ್ಷಣ ಉಚಿತ. ಯುರೋಪಿನ ಹೊರಗಿನಿಂದ ಬರುವವರು 2011ರಿಂದ ಶುಲ್ಕ ಕೊಡಬೇಕು, ಅದು ಸಣ್ಣ ಮೊತ್ತವಲ್ಲ. ವಿದ್ಯಾರ್ಥಿವೇತನ ಸಿಗದಿದ್ದರೆ ಆಪಾ ಲುಂಡ್‌ಗೆ ಹೋಗುತ್ತಲೇ ಇರಲಿಲ್ಲ. ಗ್ರಂಥಾಲಯದ ಒಳಗೆ ಇನ್ನೊಬ್ಬರು ಬಂದರೆ ಖರ್ಚು ಹೆಚ್ಚುವುದಿಲ್ಲ. ತರಗತಿಗೆ ಬಂದರೆ ಹೆಚ್ಚುತ್ತದೆ, ಮತ್ತು ಅದನ್ನು ಯಾರು ಹೊರಬೇಕು ಎಂದು ದೇಶ ತೀರ್ಮಾನಿಸುತ್ತದೆ. ಪ್ರತಿಯೊಂದು ಬಾಗಿಲಿನ ಎದುರೂ ಎರಡು ಪ್ರಶ್ನೆ ಕೇಳಬಹುದು. ಸ್ಥಿರ ವೆಚ್ಚ ಹೊತ್ತವರು ಯಾರು? ಇನ್ನೊಬ್ಬರು ಬಂದರೆ ಹೆಚ್ಚುವುದು ಎಷ್ಟು?

ನಮ್ಮ ಬಸ್ಸಿನ ಖಾಲಿ ಸೀಟು

ಈಗ ನಮ್ಮ ಊರಿಗೆ ಬರೋಣ. ಪ್ರತಿ ವರ್ಷ ಪ್ರವಾಸದ ನೋಟಿಸ್ ಬಂದಾಗ ನಮ್ಮ ತರಗತಿಯಲ್ಲಿ ಕೆಲವರು "ಮನೆಯಲ್ಲಿ ಕಳಿಸುವುದಿಲ್ಲ" ಎನ್ನುತ್ತಾರೆ. ಕೆಲವರ ಮಟ್ಟಿಗೆ ಅದು ನಿಜ. ಇನ್ನು ಕೆಲವರಿಗೆ ಕಾರಣ ಹಣ, ಅದನ್ನು ಎಲ್ಲರ ಮುಂದೆ ಹೇಳಲು ಯಾರಿಗೂ ಮನಸ್ಸು ಬರುವುದಿಲ್ಲ. ಕಳೆದ ವರ್ಷ ನಾನೂ ಹೆಸರು ಕೊಡಲಿಲ್ಲ, ಮತ್ತು ಕಾರಣ ಹಣವೇ ಆಗಿತ್ತು.

50 ಸೀಟಿನ ಬಸ್ಸಿಗೆ ಬಾಡಿಗೆ 60,000 ರೂಪಾಯಿ ಎಂದಿಟ್ಟುಕೊಳ್ಳಿ. 40 ಜನ ಹೆಸರು ಕೊಟ್ಟರೆ ಬಸ್ಸಿಗೆ ತಲೆಗೆ 1,500. ಊಟ ಮತ್ತು ಪ್ರವೇಶಕ್ಕೆ ಪ್ರತ್ಯೇಕ 300 ಎನ್ನಿ. ಹತ್ತು ಸೀಟು ಖಾಲಿ ಹೋಗುತ್ತದೆ, ಬಾಡಿಗೆ ಕಡಿಮೆಯಾಗುವುದಿಲ್ಲ. ಈಗ ಬಾರದಿದ್ದ ಹತ್ತು ಜನ ಊಟದ 300 ಪೂರ್ತಿ ಕೊಟ್ಟು, ಬಸ್ಸಿಗೆ 600 ಮಾತ್ರ ಕೊಟ್ಟು ಬಂದರೆ? ಬಸ್ಸಿನ ಲೆಕ್ಕಕ್ಕೆ 6,000 ಸೇರಿತು. ಉಳಿದ 54,000 ರೂಪಾಯಿ 40 ಜನರಿಗೆ ಹಂಚಿದರೆ ತಲೆಗೆ 1,350. ಮೊದಲು ಹೆಸರು ಕೊಟ್ಟವರಿಗೆ ತಲಾ 150 ರೂಪಾಯಿ ಉಳಿಯಿತು, ಹತ್ತು ಜನ ಗೆಳೆಯರು ಜೊತೆಗೆ ಬಂದರು. ಇದರಲ್ಲಿ ಯಾರೂ ಯಾರ ಮೇಲೂ ಉಪಕಾರ ಮಾಡಿಲ್ಲ.

ಆದ್ದರಿಂದ ಮುಂದಿನ ಪ್ರವಾಸದ ಹೊತ್ತಿಗೆ ಮೂರು ವಿಷಯಗಳನ್ನು ವಿದ್ಯಾರ್ಥಿ ಸಂಘ ಮತ್ತು ಅಧ್ಯಾಪಕರು ಯೋಚಿಸಬಹುದು ಎಂದು ನನ್ನ ವಿನಂತಿ. ಒಂದು, ನೋಟಿಸಿನಲ್ಲಿ ಒಟ್ಟು ಮೊತ್ತ ಮಾತ್ರ ಬರೆಯದೆ ಬಸ್ಸಿನ ಪಾಲು, ಊಟ, ಪ್ರವೇಶ ಶುಲ್ಕ ಬೇರೆ ಬೇರೆ ಬರೆಯುವುದು. ಎರಡು, ಪೂರ್ತಿ ಪಾಲು ಕೊಡುವವರ ಹೆಸರು ಬಂದ ಮೇಲೆ ಖಾಲಿ ಉಳಿದ ಸೀಟುಗಳಿಗೆ ಆದಷ್ಟು ಕೊಡುವವರು ಒಬ್ಬರೇ ಅಧ್ಯಾಪಕರ ಬಳಿ ಗುಟ್ಟಾಗಿ ಹೆಸರು ಕೊಡುವ ವ್ಯವಸ್ಥೆ. ಮೂರು, ಟಿಕೆಟ್ ಇರುವ ಜಾಗದ ಪಕ್ಕದಲ್ಲೇ ಟಿಕೆಟ್ ಇಲ್ಲದ ಜಾಗವನ್ನೂ ಯೋಜನೆಯಲ್ಲಿ ಸೇರಿಸುವುದು. ಬಾಗಿಲಲ್ಲಿ ಬ್ಯಾಗು ಕಾಯುತ್ತಾ ಯಾರೂ ಕೂರಬಾರದು.

ಇದಕ್ಕೆ ಹಡಗೂ ಬೇಡ, ಯೂರೋವೂ ಬೇಡ. ಒಂದು ಹಾಳೆ ಮತ್ತು ಅದನ್ನು ಸರಿಯಾಗಿ ಬರೆಯುವ ಒಬ್ಬರು ಸಾಕು. ವಾಣಿಜ್ಯ ವಿಭಾಗದಲ್ಲಿ ಅಂಥವರು ತುಂಬಾ ಜನ ಇದ್ದಾರೆ. ಬೇಕಿದ್ದರೆ ಈ ಸಲದ ಲೆಕ್ಕ ಬರೆಯಲು ನಾನೇ ಸಿದ್ಧ, ಇನ್‌ಶಾ ಅಲ್ಲಾಹ್.